ಎಲ್ಲಾ ಮುಳ್ಳೂ ಜಾಲಿ ಅಲ್ರಿ: ಜೆಸಿಬಿ ಹಚ್ಚೂಕಿಂತ ಮೊದಲ ಗಿಡದ ಗುರುತು ಹಿಡೀರಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಗದಗ ಜಿಲ್ಲಾದಾಗ ಡಂಬಳದ ಹತ್ರ, ಆದ್ರ ನಾವು ಇರೋದು ಹುಬ್ಬಳ್ಳ್ಯಾಗ. ಮಾವನೋರು ತೀರಿಕೊಂಡ ಮ್ಯಾಲೆ ಮೂರೂವರೆ ಎಕರೆ ಹೊಲ ಆರು ವರ್ಷ ಬೀಳು ಬಿತ್ತು, ಈಗ ಒಳಗ ಕಾಲಿಡಾಕ ಆಗದಂಗ ಮುಳ್ಳಿನ ಗಿಡ ಬೆಳದಾವ. ಬಾಜೂ ಹೊಲದೋರು "ಎಲ್ಲಾ ಜಾಲೀನ, ಒಂದು ದಿನ ಜೆಸಿಬಿ ಹಚ್ಚಿ ಬಳದು ಬಿಡ್ರಿ" ಅಂತಾರ. ನಮ್ಮ ಅತ್ತಿಯೋರು ಮಾತ್ರ ಬಾವಿ ಹತ್ರದ ಗಿಡ ಮುಟ್ಟಬ್ಯಾಡ್ರಿ ಅಂತ ಹಟ ಹಿಡದಾರ. ಹೊಲದ ಬಾಜೂಕ ಹಳ್ಳ ಐತಿ, ಮುಂದ ಅಲ್ಲಿ ಸಾಸಿವಿ ಅಕ್ಕಡಿ ಹಾಕೂ ವಿಚಾರ ಐತಿ. ಐದು ಫೋಟೋ ಕಳಿಸೀನಿ. ಯಾವುದು ಹೊರಗಿಂದ ಬಂದು ಹಬ್ಬಿದ್ದು, ಯಾವುದು ನಮ್ಮದು, ಹೆಂಗ ಗುರುತು ಹಿಡೀಬೇಕು? ತಗದ ಮ್ಯಾಲೆ ಮತ್ತ ಬರಲಾರದಂಗ ಏನ್ ಮಾಡಬೇಕು?

ಉತ್ತರ: ಅಕ್ಕಾರ, ನಮಸ್ಕಾರ. ಮೊದಲ ಜೆಸಿಬಿಯವರಿಗೆ ಫೋನ್ ಹಚ್ಚಿ ಈ ವಾರ ಬರಬ್ಯಾಡ್ರಿ ಅಂತ ಹೇಳಿಬಿಡ್ರಿ. ನಿಮ್ಮ ಅತ್ತಿಯೋರು ಹೇಳಿದ್ದು ಖರೇ ಐತಿ. ನಿಮ್ಮ ಎರಡನೇ ಫೋಟೋದಾಗ ಬಾವಿ ಬಾಜೂಕ ನಿಂತದಲ್ಲ, ಅದು ಬನ್ನಿ. ದಸರಾಕ್ಕ ಎಲಿ ಕೊಟ್ಟು ತಗೊಂಡು ಬಂಗಾರದಂಗ ಇರೋಣು ಅಂತೀವಲ್ಲ, ಅದ ಬನ್ನಿ. ಅದರ ಬಾಜೂಕ ಹತ್ತು ಹೆಜ್ಜಿ ದೂರದಾಗ ಇರೂದು, ಒಂದನೇ ಫೋಟೋದ್ದು, ಬಳ್ಳಾರಿ ಜಾಲಿ. ಒಂದು ನಮ್ಮ ನೆಲದ ಗಿಡ, ಇನ್ನೊಂದು ಸಮುದ್ರ ದಾಟಿ ಬಂದಿದ್ದು. ದೂರದಿಂದ ನೋಡಿದೋರಿಗೆ ಎರಡೂ ಒಂದ ನಮೂನಿ ಸಣ್ಣ ಎಲಿ, ಮುಳ್ಳು, ಉದ್ದನ ಕಾಯಿ. ಹಿಂದಿನ ಸಸ್ಯಶಾಸ್ತ್ರದ ಪುಸ್ತಕದಾಗ ಎರಡನ್ನೂ ಪ್ರೊಸೋಪಿಸ್ ಅನ್ನೂ ಒಂದ ಮನಿತನದಾಗ ಇಟ್ಟಿದ್ರು, 2022ರಾಗ ಬಳ್ಳಾರಿ ಜಾಲೀನ ತಗದು ನೆಲ್ಟುಮಾ ಅಂತ ಬೇರೆ ಹೆಸರು ಕೊಟ್ಟಾರ. ಅಷ್ಟು ಹತ್ರದ ಸಂಬಂಧ ಇದ್ದಾಗ ಜೆಸಿಬಿ ಡ್ರೈವರಿಗೆ ಗೊತ್ತಾಗೂದು ಹೆಂಗ, ಅವನ ಕೆಲಸ ಬಳಿಯೂದು, ಬಳದು ಹೋಗ್ತಾನ.

ಇದನ್ನ ಯಾಕ ಇಷ್ಟು ಒತ್ತಿ ಹೇಳಾಕತ್ತೀನಿ ಅಂದ್ರ, ರೋಣದ ಕಡೆ ಒಂದು ಹೊಲದಾಗ ನಾನ ಕಣ್ಣಾರೆ ನೋಡೀನಿ. ಬ್ಯಾಸಿಗ್ಯಾಗ ಮಷಿನ್ ಹಚ್ಚಿ ಪೂರಾ ಹೊಲ ಬಳದ್ರು, ನೆಲಮಟ್ಟಕ್ಕ ಎಲ್ಲಾ ಸಾಪ್. ಬದುವಿನ ಮ್ಯಾಲಿನ ಎರಡು ಹಳೇ ಬನ್ನಿ, ಒಂದು ದೊಡ್ಡ ಕರಿಜಾಲಿ, ಬಾರಿ ಕಂಟಿ, ಕವಳಿ ಕಂಟಿ ಎಲ್ಲಾ ಹೋದವು. ಎರಡು ಮಳಿ ಆದ ಮ್ಯಾಲೆ ಹೋಗಿ ನೋಡಿದ್ರ ಬಳ್ಳಾರಿ ಜಾಲಿ ಒಂದೊಂದು ಬೊಡ್ಡಿಗೆ ಹತ್ತು ಹನ್ನೆರಡು ಚಿಗುರು ಒಡದು ಮೊಣಕಾಲ ಮಟ ಬಂದಿತ್ತು. ಉಳೀಬೇಕಾದ್ದು ಹೋತು, ಹೋಗಬೇಕಾದ್ದು ದುಪ್ಪಟ್ಟಾಗಿ ಬಂತು. ಆ ಹೊಲದ ಮಾಲಕ ಹಿರೇರು ಬದುವಿನ ಮ್ಯಾಲೆ ಸುಮ್ನ ಕುಂತಿದ್ದು ಇನ್ನೂ ನನ್ನ ಕಣ್ಣ ಮುಂದ ಐತಿ.

ಹಿಂಗಾಗಿ ಮೊದಲ ನೋಡೂದು ಕಲೀರಿ. ಮುಳ್ಳಿನ ಗಿಡ ಅಂದ ಕೂಡಲೆ ಎಲ್ಲಾರೂ ಮುಳ್ಳಿನ ಉದ್ದ ನೋಡ್ತಾರ, ಅದು ಅಷ್ಟು ಉಪಯೋಗ ಇಲ್ಲ. ಎಳೇ ಗಿಡಕ್ಕ ಮುಳ್ಳು ಉದ್ದ ಇರ್ತಾವ, ಬಲತ ಮ್ಯಾಲೆ ಅದ ಗಿಡಕ್ಕ ಗಿಡ್ಡ ಆಗ್ತಾವ, ಕೆಲವು ಟೊಂಗಿಗೆ ಮುಳ್ಳ ಇರೂದಿಲ್ಲ. ನೋಡಬೇಕಾಗಿದ್ದು ಮುಳ್ಳು ಎಲ್ಲಿಂದ ಹುಟ್ಟೈತಿ ಅನ್ನೂದು. ಎಲಿ ಬರೂ ಗಂಟಿನ್ಯಾಗ ಜೋಡಿ ಜೋಡಿ ಐತೋ, ಇಲ್ಲಾ ಗಂಟು ಗಂಟಿನ ನಡುವ ಎಲ್ಲೆಂದ್ರಲ್ಲಿ ಚದುರೈತೋ. ಆಮ್ಯಾಲೆ ಹೂವು ಉಂಡಿ ಹಂಗ ದುಂಡಗ ಐತೋ, ಅಳಿಲಿನ ಬಾಲದಂಗ ಉದ್ದ ಐತೋ. ಆಮ್ಯಾಲೆ ಕಾಯಿ. ಈ ಮೂರು ನೋಡಿದ್ರ ನಿಮ್ಮ ಹೊಲದ ಮುಕ್ಕಾಲು ಗಿಡ ನೀವ ಗುರುತು ಹಿಡೀತೀರಿ. ಫೋಟೋ ತಗೊಳ್ಳೂದಿದ್ರ ದೂರದಿಂದ ಇಡೀ ಗಿಡದ್ದೊಂದು, ಬೊಡ್ಡಿ ತೊಗಟಿದೊಂದು, ಟೊಂಗಿ ಗಂಟಿನ ಹತ್ರ ಹಿಡದದ್ದೊಂದು ತಗೀರಿ, ಪಕ್ಕದಾಗ ಒಂದು ರೂಪಾಯಿ ನಾಣ್ಯ ಇಟ್ರ ಎಲೀ ಅಳತಿ ತಿಳೀತೈತಿ.

ಈಗ ಬಳ್ಳಾರಿ ಜಾಲಿ. ಬುಡದಿಂದನ ನಾಕೈದು ಕಾಂಡ ಒಡದು ಕಂಟಿ ಹಂಗ ಹಬ್ಬಿರ್ತೈತಿ, ಟೊಂಗಿ ಒಂದು ಗಂಟಿಗೆ ಎಡಕ್ಕ ಇನ್ನೊಂದು ಗಂಟಿಗೆ ಬಲಕ್ಕ ಬಾಗಿ ಸೊಟ್ಟ ಸೊಟ್ಟ ಹೋಗ್ತಾವ. ಗಂಟಿನ್ಯಾಗ ನೆಟ್ಟನ ಮುಳ್ಳು, ಸಾಮಾನ್ಯ ಜೋಡಿ ಇರ್ತಾವ, ಒಮ್ಮೊಮ್ಮೆ ಒಂದ. ಎಲಿ ನೋಡ್ರಿ, ಒಂದು ತೊಟ್ಟಿಗೆ ಒಂದು ಇಲ್ಲಾ ಎರಡು ಜೋಡಿ ಗರಿ, ಭಾಳ ಆದ್ರ ಮೂರ್ನಾಕು, ಆ ಗರಿ ಮ್ಯಾಲಿನ ಎಲಿ ಕಣ, ಅಂದ್ರ ಬಿಡಿ ಬಿಡಿ ಸಣ್ಣ ಎಲಿ, ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಸಪೂರ. ಹೂವು ತಿಳಿಹಳದಿ, ಸ್ವಲ್ಪ ಹಸಿರು ಬೆರೆತಂಗ, ಉದ್ದನ ಬಾಲ. ಕಾಯಿ ಹಣ್ಣಾದ್ರ ಹುಲ್ಲಿನ ಹಳದಿ ಬಣ್ಣ, ಗೇಣುದ್ದ, ಸ್ವಲ್ಪ ಬಾಗಿರ್ತೈತಿ, ಅಂಚು ಹೆಚ್ಚುಕಡಿಮಿ ನೆಟ್ಟಗ, ಒಳಗಿನ ತಿರುಳು ಸಿಹಿ. ಆ ಸಿಹೀನ ಎಲ್ಲಾ ತೊಂದ್ರಿಗೆ ಮೂಲ. ಆಡು, ಕುರಿ, ದನ ಎಲ್ಲಾ ಕಾಯಿ ಆರಿಸಿಕೊಂಡು ತಿಂತಾವ, ಬೀಜದ ಸಿಪ್ಪಿ ಗಟ್ಟಿ, ಹೊಟ್ಟ್ಯಾಗ ಕರಗೂದಿಲ್ಲ, ಹಿಕ್ಕಿ ಜೋಡಿ ಹೊರಗ ಬೀಳ್ತೈತಿ, ಗೊಬ್ಬರ ಸಮೇತ ಬಿತ್ತಿಗಿ ಆದಂಗ. ನಿಮ್ಮ ಹೊಲ ಆರು ವರ್ಷ ಬೀಳು ಇತ್ತು, ಕುರಿ ಹಿಂಡು ಅಡ್ಡಾಡಿರ್ತಾವ, ಬಾಜೂಕ ಹಳ್ಳ ಐತಿ ಅಂತ ಬರದೀರಿ, ಹಳ್ಳದ ನೀರಿನ್ಯಾಗೂ ಕಾಯಿ ತೇಲಿ ಬರ್ತಾವ. ಯಾರೂ ಬಂದು ಹಚ್ಚಿಲ್ಲ, ತಾನ ಬಂದೈತಿ.

ಇದರ ಮೂಲ ಊರು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಮ್ಯಾಲಿನ ಭಾಗ. ಭಾರತಕ್ಕ ಬಂದಿದ್ದು 1877ರ ಸುಮಾರಿಗೆ, ಬ್ರಿಟಿಷರ ಕಾಲದಾಗ. ತಂದೋರ ಉದ್ದೇಶ ಕೆಟ್ಟದ್ದಿರಲಿಲ್ಲ, ಬರ ಬೀಳೂ ನಾಡಿಗೆ ಕಟ್ಟಿಗಿ ಆಗಲಿ, ಬೋಳು ನೆಲ ಹಸಿರಾಗಲಿ ಅಂತ. ಉರುವಲಕ್ಕ, ಇದ್ದಲಿಗೆ ಇದು ಛಲೋ ಕಟ್ಟಿಗಿ, ಜೇನಿಗೂ ಬರ್ತೈತಿ, ಎಷ್ಟೋ ಬಡವರ ಒಲಿ ಇದರ ಮ್ಯಾಲೆ ಉರದೈತಿ, ಅದನ್ನ ಮರೀಬಾರದು. ಆದ್ರ ಬ್ಯಾರೆ ಗಿಡಕ್ಕ ಜಾಗಾ ಬಿಡೂದಿಲ್ಲ ಇದು. ಬೇರು ಭಾಳ ಆಳಕ್ಕ ಹೋಗ್ತೈತಿ, ಉದುರಿದ ಎಲಿಯಿಂದ ಬರೂ ರಸ ಕೆಳಗ ಬ್ಯಾರೆ ಬೀಜ ಮೊಳೆಯಾಕ ಬಿಡೂದಿಲ್ಲ, ನೆರಳಿನ್ಯಾಗ ಹುಲ್ಲು ಹತ್ತೂದಿಲ್ಲ. ತಮಿಳುನಾಡಿನ್ಯಾಗ ಇದನ್ನ ಕಿತ್ತು ಹಾಕ್ರಿ ಅಂತ 2017ರಾಗ ಹೈಕೋರ್ಟಿನ ತನಕ ಮಾತು ಹೋಗಿತ್ತು. ನಮ್ಮ ಕಡೆ ಕೆರಿ ಅಂಗಳದಾಗ, ಹಳ್ಳದ ದಂಡಿಗೆ, ರೈಲ್ವೆ ಹಳಿ ಬಾಜೂಕ, ಎಲ್ಲೆಲ್ಲಿ ನೆಲ ಖಾಲಿ ಬಿಟ್ಟೀವೋ ಅಲ್ಲೆಲ್ಲಾ ಕುಂತೈತಿ.

ಬನ್ನಿ ಹೆಂಗ ಬ್ಯಾರೆ? ಟೊಂಗಿ ಹಿಡದು ಗಂಟು ಬಿಟ್ಟು ನಡುವಿನ ಜಾಗಾ ನೋಡ್ರಿ. ಬನ್ನಿಗೆ ಮುಳ್ಳು ಅಲ್ಲಿ ಇರ್ತಾವ, ಗಿಡ್ಡ, ಬುಡ ಅಗಲ ತುದಿ ಚೂಪು, ಅರ್ಧ ಸೆಂಟಿಮೀಟರ್ ಸುಮಾರು, ಲೆಕ್ಕ ಇಲ್ಲದಂಗ ಚದುರಿರ್ತಾವ. ಗಂಟಿನ್ಯಾಗ ಜೋಡಿ ಉದ್ದ ಮುಳ್ಳು ಇರೂದಿಲ್ಲ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡ್ರಿ, ಕಾಣ್ತಾವ. ಎಲಿ ಬಣ್ಣ ಸ್ವಲ್ಪ ಬೂದಿ ಹಸಿರು, ಕಾಯಿ ಸಪೂರ, ದಾರದಂಗ ಜೋತು ಬಿದ್ದಿರ್ತೈತಿ. ಬನ್ನಿ ಬೇರು ಆಳಕ್ಕ ಇಳದ್ರೂ ಬುಡದಾಗ ಬೆಳಿ ಬರ್ತೈತಿ, ರಾಜಸ್ಥಾನದ ರೈತರು ಇದನ್ನ ಖೇಜ್ರಿ ಅಂತ ಕರದು ಹೊಲದ ನಡುವ ಉಳಿಸಿಕೊಂಡು ಸಜ್ಜಿ ಬೆಳೀತಾರ, ಅಲ್ಲಿ ಅದು ರಾಜ್ಯದ ಮರ. ಇನ್ನೊಂದು ಮಾತು, ಕೆಲವು ಊರಾಗ ಬ್ಯಾರೆ ಜಾತಿ ಮುಳ್ಳಿನ ಮರಕ್ಕೂ ಬನ್ನಿ ಅಂತ ಪೂಜಿ ಮಾಡ್ತಾರ. ಅದಕ್ಕ ಪುಸ್ತಕದ ಹೆಸರು ಏನರ ಇರಲಿ, ಊರಿನ ಹಿರೇರು ಬನ್ನಿ ಅಂದ್ರ ಅದನ್ನ ಮುಟ್ಟಬ್ಯಾಡ್ರಿ.

ಮೂರನೇ ಫೋಟೋದಾಗ ಬದುವಿನ ಮ್ಯಾಲಿನ ದೊಡ್ಡ ಮರ ಕರಿಜಾಲಿ. ಇದ ನಮ್ಮ ಅಸಲೀ ಜಾಲಿ, ಬಳ್ಳಾರಿ ಜಾಲಿ ಬರೂಕಿಂತ ಮೊದಲು ಬರೇ ಜಾಲಿ ಅಂದ್ರ ಇದ ಇತ್ತು. ತೊಗಟಿ ಕಪ್ಪು, ಎರಿ ಹೊಲ ಬ್ಯಾಸಿಗ್ಯಾಗ ಬಿರಿಬಿಟ್ಟಂಗ ಉದ್ದಕ್ಕ ಸೀಳಿರ್ತೈತಿ. ಹೂವು ಬಂಗಾರ ಬಣ್ಣದ ಉಂಡಿ, ಘಮ ಅಂತೈತಿ. ಕಾಯಿ ನೋಡಿದ್ರಂತೂ ಎಂಥವರಿಗೂ ಗುರುತು ಸಿಗ್ತೈತಿ, ಮಣಿ ಪೋಣಿಸಿದ ಸರದಂಗ ಬೀಜ ಬೀಜದ ನಡುವ ಸಣ್ಣಗ ಚಿವುಟಿದಂಗ ಇರ್ತೈತಿ, ಮ್ಯಾಲೆ ಬೂದಿ ಬಣ್ಣದ ನುಣುಪು ಕೂದಲ. ಎಲೀ ಗರಿ ಮೂರರಿಂದ ಎಂಟು ಜೋಡಿ ತನಕ, ಎಲಿ ಕಣ ಅರ್ಧ ಸೆಂಟಿಮೀಟರ್ ಆಜೂಬಾಜು, ಬಳ್ಳಾರಿ ಜಾಲಿಗಿಂತ ಭಾಳ ಸಣ್ಣವು. ಮುಳ್ಳು ಇದಕ್ಕೂ ಗಂಟಿನ್ಯಾಗ ಜೋಡಿನ, ಬಿಳೀವು, ನೆಟ್ಟಗ, ಅದಕ್ಕ ಬರೇ ಮುಳ್ಳು ನೋಡಿ ಮೋಸ ಹೋಗಬ್ಯಾಡ್ರಿ. ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಗಾಲಿ ಎಲ್ಲಾಕ್ಕೂ ನಮ್ಮ ಹಿರೇರು ಇದರ ಕಟ್ಟಿಗೀನ ಹುಡುಕ್ತಿದ್ರು. ಬಾವಿ ಮ್ಯಾಲೆ ಚಾಚಿದ ಜಾಲಿ ಟೊಂಗಿಗೆ ಗೀಜಗ ಗೂಡು ಕಟ್ಟಿರೂದು ನೀವೂ ಸಣ್ಣೋರಿದ್ದಾಗ ನೋಡಿರಬೇಕು. ಇದನ್ನ ಉಳಿಸಿಕೊಳ್ರಿ. ಮಸಾರಿ ಕಡೆ ಇನ್ನೊಂದು ಬಿಳಿಜಾಲಿ ಅಂತ ಸಿಗ್ತೈತಿ, ತೊಗಟಿ ಬೆಳ್ಳಗ, ಹೂವಿನ ಉಂಡಿ ಸಣ್ಣವು, ಕೆನಿ ಬಣ್ಣ, ಟೊಂಗಿ ತುದಿಗೆ ದೊಡ್ಡ ಗೊಂಚಲ ಆಗಿ ಬರ್ತಾವ, ಅದೂ ನಮ್ಮದ.

ನಾಕನೇ ಫೋಟೋ ಲಂಟಾನ, ಹಳ್ಳದ ದಂಡಿ ಕಡೆ ಇರೂದು. ಇದು ಮರ ಅಲ್ಲ, ಪೊದಿ. ಕಾಂಡ ಮುಟ್ಟಿ ನೋಡಿದ್ರ ದುಂಡಗ ಅಲ್ಲ ಚೌಕ ಇರ್ತೈತಿ, ಮೂಲಿಮ್ಯಾಲೆ ಸಣ್ಣ ಕೊಕ್ಕಿ ಹಂಗ ಹಿಂದಕ್ಕ ಬಾಗಿದ ಮುಳ್ಳು, ಸೀರಿ ಸೆರಗು ಸಿಕ್ರ ಬಿಡೂದಿಲ್ಲ. ಎಲಿ ಎದುರು ಬದುರು, ಒರಟು, ತಿಕ್ಕಿ ಮೂಸಿದ್ರ ಗಡಸು ವಾಸನಿ. ಹೂವಿನ ಗೊಂಚಲಿನ್ಯಾಗ ನಡುವ ಹಳದಿ, ಹೊರಗ ಕೇಸರಿ, ಕೆಂಪು, ಇಲ್ಲಾ ಗುಲಾಬಿ ಇರ್ತಾವ, ಯಾಕಂದ್ರ ಹೂವು ಬಲತಂಗ ಬಣ್ಣ ಬದಲಾಗ್ತೈತಿ. ಹಣ್ಣು ಕಪ್ಪು ಮಣಿ ಹಂಗ, ಪಿಕಳಾರ ಹಕ್ಕಿ ತಿಂದು ಬದುವಿನ ಮ್ಯಾಲೆ, ತಂತಿ ಬೇಲಿ ಕೆಳಗ ಬೀಜ ಹಾಕ್ತಾವ. ಇದೂ ಅಮೆರಿಕದ್ದು, 1800ರ ದಶಕದ ಶುರುವಿಗೆ ಕಲಕತ್ತಾದ ಸಸ್ಯೋದ್ಯಾನಕ್ಕ ಚಂದದ ಹೂವು ಅಂತ ತಂದಿದ್ದು, ಈಗ ದೇಶದ ಕಾಡೆಲ್ಲಾ ಇದ. ದನ ಹಸಿವಿಗೆ ತಿಂದ್ರ ಲಿವರ್ ಕೆಡ್ತೈತಿ, ಬಿಸಿಲಿಗೆ ನಿಂತಾಗ ಮೂಗು, ಕಿವಿ, ಕೆಚ್ಚಲ ಕಡೆ ಚರ್ಮ ಸುಲದು ಬರ್ತೈತಿ. ಹಂಗೇನರ ಕಂಡ್ರ ದನ ನೆರಳಿಗೆ ಕಟ್ಟಿ ಪಶು ಡಾಕ್ಟರನ್ನ ಕರೀರಿ, ಮನಿ ಔಷಧ ಮಾಡ್ತಾ ಕುಂದರಬ್ಯಾಡ್ರಿ.

ಲಂಟಾನ ತಗಿಯೂ ವಿಧಾನ ಒಂದು ಛಲೋದು ಐತಿ, ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟಿದ್ದು, ಖರ್ಚಿಲ್ಲ. ಕಾಂಡ ಸವರೂದಲ್ಲ, ಇಡೀ ನೆಲ ಅಗಿಯೂದೂ ಅಲ್ಲ. ಪೊದಿ ಬುಡದಾಗ ನೆಲದ ಕೆಳಗ ಮೂರು ನಾಕು ಬೆರಳು ಇಳದು ತಾಯಿ ಬೇರನ್ನ ಗುದ್ದಲಿಯಿಂದ ಒಂದ ಏಟಿಗೆ ಕತ್ತರಿಸಿ, ಪೊದಿ ಎತ್ತಿ ತಲಿಕೆಳಗ ಮಾಡಿ ಇಟ್ಟುಬಿಡೂದು, ಬೇರಿನ ಬುಡ ಆಕಾಶ ನೋಡಬೇಕು. ನೆಲಕ್ಕ ತಾಗಲಿಲ್ಲ ಅಂದ್ರ ಮತ್ತ ಬೇರು ಬಿಡೂದಿಲ್ಲ, ಒಣಗಿ ಹೋಗ್ತೈತಿ. ಆಮ್ಯಾಲೆ ಎರಡು ಮಳಿಗಾಲ ಆ ಜಾಗಾದಾಗ ಬೀಜದಿಂದ ಬರೂ ಸಸಿ ಕಿತ್ತರ ಸಾಕು. ಮಲೆ ಮಹದೇಶ್ವರ ಬೆಟ್ಟದಾಗ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಟೇಬಲ್ ಮಾಡಿ ಮಾರ್ತಾರ, ಎಷ್ಟು ಗಟ್ಟಿ ಅಂದ್ರ ಬಿದಿರು ನೆನಪಾಗ್ತೈತಿ.

ಐದನೇ ಫೋಟೋ ನೋಡಿ ನನಗ ಸ್ವಲ್ಪ ಚಿಂತಿ ಆತು, ಅದಕ್ಕ ಇದನ್ನ ವಿವರವಾಗಿ ಹೇಳ್ತೀನಿ. ದೂರದಿಂದ ಕುಸುಬಿ ಗಿಡ ಅನಿಸ್ತೈತಿ, ಎಲೀ ಅಂಚಿಗೆ ಮುಳ್ಳು, ಹೂವು ಹಳದಿ. ಕುಸುಬಿ ಅಲ್ಲ, ಇದು ಮುಳ್ಳು ದತ್ತೂರಿ, ಮೆಕ್ಸಿಕೋದ ಗಿಡ. ಎಲಿ ನೀಲಿ ಬೆರೆತ ಬೂದಿ ಹಸಿರು, ನರ ಬಿಳಿ ಬಿಳಿ ಎದ್ದು ಕಾಣ್ತಾವ, ಕಾಂಡ ಮುರದ್ರ ಅರಿಷಿಣ ಕಲಿಸಿದಂಥ ಹಳದಿ ಹಾಲು ಬರ್ತೈತಿ. ಕುಸುಬಿ ಹೂವು ಸಣ್ಣ ಸಣ್ಣ ಎಳಿ ಕಟ್ಟಿದ ಗೊಂಡೆ ಹಂಗ, ಇದರದ್ದು ಅಗಲ ಪಕಳಿ, ರೇಷ್ಮಿ ಕಾಗದದಂಗ ತೆಳ್ಳಗ. ಕಾಯಿಗೂ ಮುಳ್ಳು, ಒಣಗಿದ್ರ ಮ್ಯಾಲಿಂದ ಬಾಯಿ ಬಿಡ್ತೈತಿ, ಒಳಗ ಕರೀ ಬೀಜ, ಥೇಟ್ ಸಾಸಿವಿ. ಇದ ಅಪಾಯ. ಸಾಸಿವಿ ಎಣ್ಣಿಯೊಳಗ ಈ ಬೀಜದ ಎಣ್ಣಿ ಸೇರಿ 1998ರಾಗ ದೆಹಲಿಯೊಳಗ ಮಂದಿಗೆ ಕಾಲು ಬಾತು, ಉಸಿರು ಕಟ್ಟಿ, ಎಷ್ಟೋ ಜನ ಸತ್ರು. ಸ್ಯಾಂಗ್ವಿನರಿನ್ ಅನ್ನೂ ವಿಷ ಇರ್ತೈತಿ ಇದರಾಗ. ನೀವು ಆ ಹೊಲದಾಗ ಮುಂದ ಸಾಸಿವಿ ಅಕ್ಕಡಿ ಹಾಕ್ತೀವಿ ಅಂತ ಬರದೀರಿ, ಹಾಕೂಕಿಂತ ಮೊದಲ ಈ ಗಿಡ ಒಂದೂ ಉಳಿಸಬ್ಯಾಡ್ರಿ. ಒಂದ ವರ್ಷದ ಗಿಡ ಇದು, ಕಾಯಿ ಬಾಯಿ ಬಿಡೂಕಿಂತ ಮೊದಲ ಬೇರು ಸಮೇತ ಕಿತ್ತರ ಮುಗೀತು, ಕಾಯಿ ಬಂದಿದ್ರ ಚೀಲದಾಗ ತುಂಬಿ ಹೊರಗ ಒಯ್ದು ಸುಡ್ರಿ, ಹೊಲದಾಗ ಎಳದಾಡಬ್ಯಾಡ್ರಿ, ಬೀಜ ಉದುರ್ತಾವ. ಕೈಗೆ ದಪ್ಪ ಗ್ಲೌಸ್ ಇರಲಿ.

ಫೋಟೋದಾಗ ಇಲ್ಲ, ಆದ್ರ ನಿಮ್ಮ ಕಡೆ ಬದುವಿಗೆ ಇರೂ ಸಾಧ್ಯತಾ ಭಾಳ ಅಂತ ಡಬ್ಬಗಳ್ಳಿ ಬಗ್ಗೆನೂ ಹೇಳ್ತೀನಿ, ಪಾಪಾಸುಕಳ್ಳಿ ಅಂತಾರಲ್ಲ ಅದು. ರೊಟ್ಟಿ ಮ್ಯಾಲೆ ರೊಟ್ಟಿ ಜೋಡಿಸಿದಂಗ ಹಸಿರು ಹಾಳಿ, ಉದ್ದ ಮುಳ್ಳು ಕಣ್ಣಿಗೆ ಕಾಣ್ತಾವ, ಆದ್ರ ಅದರ ಬುಡದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲ ಮುಳ್ಳಿನ ಗೊಂಚಲ ಇರ್ತಾವ, ಚುಚ್ಚಿದ್ರ ನಾಕು ದಿನ ಉರೀತೈತಿ. ಈ ಗಿಡದ ಕಥೀನ ಬ್ಯಾರೆ. ಕೆಂಪು ಬಣ್ಣ ಕೊಡೂ ಕಾಚಿನೀಲ್ ಹುಳ ಸಾಕಬೇಕು ಅಂತ ಈಸ್ಟ್ ಇಂಡಿಯಾ ಕಂಪನಿಯೋರು 1700ರ ದಶಕದ ಕಡೀಗೆ ಈ ಕಳ್ಳೀನ ಬೆಳೆಸಿದ್ರು. 1795ರಾಗ ಬ್ರೆಜಿಲ್‌ನಿಂದ ತಂದ ಹುಳ ಬಣ್ಣದ ಹುಳ ಅಲ್ಲ, ಅದರ ದಾಯಾದಿ. ಬಣ್ಣ ಸರಿಯಾಗಿ ಬರಲಿಲ್ಲ, ಆದ್ರ ಆ ಹುಳ ಒಂದು ಜಾತಿ ಕಳ್ಳೀನ ತಿಂದು ಖಾಲಿ ಮಾಡ್ತು. ಇನ್ನೊಂದು ಜಾತಿ ಹಬ್ಬಿಕೊಂಡು ಹೊಲಗೋಳು ಹಾಳಾದಾಗ 1926ರಾಗ ಶ್ರೀಲಂಕಾದಿಂದ ಇನ್ನೊಂದು ಜಾತಿ ಹುಳ ತಂದು ಬಿಟ್ರು, ಅದು ಇದನ್ನ ಹದ್ದಿಗೆ ತಂತು. ಹುಳದಿಂದ ಕಳೆ ಅಡಗಿಸಿದ ಜಗತ್ತಿನ ಮೊದಮೊದಲ ಉದಾಹರಣಿ ನಮ್ಮ ದೇಶದ್ದು. ಈಗಲೂ ಡಬ್ಬಗಳ್ಳಿ ಮ್ಯಾಲೆ ಅರಳಿ ಅಂಟಿಸಿದಂಗ ಬಿಳೀದು ಕಂಡ್ರ ಕಡ್ಡಿಯಿಂದ ಒತ್ತಿ ನೋಡ್ರಿ, ರಕ್ತದಂಥ ಕೆಂಪು ಬರ್ತೈತಿ, ಅದ ಹುಳ. ಅಂಥಾ ಗಿಡ ಇದ್ರ ಔಷಧ ಹೊಡೀಬ್ಯಾಡ್ರಿ, ಹುಳ ತನ್ನ ಕೆಲಸ ಮಾಡಲಿ. ಇಲ್ಲಂದ್ರ ಹಾಳಿ ಕೊಯ್ದು ಕಲ್ಲಿನ ಮ್ಯಾಲೆ ಒಣಗಿಸ್ರಿ, ತುಂಡು ಮಾಡಿ ಮಣ್ಣಿನ ಮ್ಯಾಲೆ ಬಿಟ್ರ ಒಂದೊಂದು ತುಂಡೂ ಬೇರು ಬಿಡ್ತೈತಿ. ನಮ್ಮ ಬೇಲಿ ಕಳ್ಳಿ ಬ್ಯಾರೆ, ಅದಕ್ಕ ಬಿಳಿ ಹಾಲು ಬರ್ತೈತಿ, ಡಬ್ಬಗಳ್ಳಿಗೆ ಹಾಲು ಇಲ್ಲ. ಕಳ್ಳಿ ಹಾಲು ಕಣ್ಣಿಗೆ ಸಿಡೀದಂಗ ನೋಡಿಕೊಳ್ರಿ.

ಹೊರಗಿಂದ ಬಂದಿದ್ದೆಲ್ಲಾ ಕೆಟ್ಟದ್ದು ಅಂತ ಮಾತ್ರ ತಿಳಕೋಬ್ಯಾಡ್ರಿ. ಇಲಾಚಿ ಹುಣಸಿನೂ ಅಮೆರಿಕದ್ದ, ಮುಳ್ಳೂ ಐತಿ, ಆದ್ರ ಮಕ್ಕಳು ಹಣ್ಣು ತಿಂತಾವ, ಆಡು ಮೇಯ್ತಾವ, ಬಳ್ಳಾರಿ ಜಾಲಿ ಹಂಗ ಹೊಲ ನುಂಗೂದಿಲ್ಲ. ಕಸ್ತೂರಿ ಜಾಲಿನೂ ಹಂಗ. ಅದ ರೀತಿ ನಮ್ಮದಾದ ಬಾರಿ, ಕವಳಿ, ಕಾರಿ ಕಂಟಿ ಎಲ್ಲಾ ಮುಳ್ಳಿನವ. ಬಾರಿ ಮುಳ್ಳು ಒಂದು ನೆಟ್ಟಗ ಒಂದು ಬಾಗಿ ಇರ್ತೈತಿ, ಎಲಿ ಕೆಳಗಿನ ಮೈ ಬೆಳ್ಳಗ. ಕವಳಿ ಮುರದ್ರ ಹಾಲು ಬರ್ತೈತಿ, ಹೂವು ಬಿಳಿ, ಮಲ್ಲಿಗಿ ನಮೂನಿ. ಈ ಮೂರಕ್ಕೂ ಎಲಿ ಇಡೀ ಎಲಿ, ಜಾಲಿ ಹಂಗ ಗರಿ ಗರಿ ಅಲ್ಲ, ಅಷ್ಟರಿಂದನ ಬ್ಯಾರೆ ಮಾಡಬಹುದು. ಕಪ್ಪತಗುಡ್ಡದ ಸೆರಗಿನ ಊರು ನಿಮ್ಮದು, 2019ರಾಗ ಅದು ವನ್ಯಜೀವಿ ಧಾಮ ಆತು, ಆ ಗುಡ್ಡದ ಹಕ್ಕಿ, ಮೊಲ, ನರಿ ಎಲ್ಲಾ ನಿಮ್ಮ ಬದುವಿನ ಕಂಟಿಗೆ ಬಂದು ಹೋಗ್ತಾವ. ಮುಟ್ಟಿದರೆ ಮುನಿ ನೆಲಕ್ಕ ಹಬ್ಬಿದ್ದು ಕಂಡ್ರ ಅದೂ ಹೊರಗಿನದ, ಎರಡು ಸಲ ಎಡಿ ಹೊಡದ್ರ ಹೋಗ್ತೈತಿ. ಕಾಲಿಗೆ ಚುಚ್ಚೂ ನೆಗ್ಗಿನಮುಳ್ಳು ಹಳೇ ಕಾಲದಿಂದ ಇದ್ದದ್ದ.

ಈಗ ಬಳ್ಳಾರಿ ಜಾಲಿ ತಗಿಯೂದು. ಇದರ ಜೀವ ಬೇರಿನ ತುದ್ಯಾಗ ಇಲ್ಲ, ನೆಲಮಟ್ಟದಿಂದ ಒಂದು ಗೇಣು ಕೆಳಗಿನ ತನಕ ಇರೂ ಬೊಡ್ಡ್ಯಾಗ ಐತಿ. ಚಿಗುರು ಒಡಿಯೂ ಕಣ್ಣು ಅಲ್ಲೇ ಇರ್ತಾವ. ಅದಕ್ಕ ಕೊಡ್ಲಿಯಿಂದ ನೆಲಕ್ಕ ಸಮಾ ಕಡದ್ರ ನೀವು ಅದಕ್ಕ ಚಾಟಣಿ ಮಾಡಿದಂಗ ಆತು, ಇನ್ನೂ ಜೋರಾಗಿ ಬರ್ತೈತಿ. ಬುಡ ಬಿಡಿಸಿ ಒಂದು ಗೇಣಿಗಿಂತ ಸ್ವಲ್ಪ ಕೆಳಗ ಬೇರು ಕಡದು ಬೊಡ್ಡಿ ಹೊರಗ ತಗೀಬೇಕು. ಕೆಳಗಿನ ಆಳದ ಬೇರು ಒಳಗ ಉಳದ್ರ ಚಿಂತಿಲ್ಲ, ಅದು ಕೊಳೀತೈತಿ. ಹೆಬ್ಬೆಟ್ಟಿಗಿಂತ ಸಪೂರ ಇರೂ ಸಸಿ ಮೊದಲ ಮಳಿ ಆದ ಮ್ಯಾಲೆ ನೆಲ ಮೆತ್ತಗ ಇದ್ದಾಗ ಕೈಲೆ ಕೀಳ್ರಿ, ರೋಹಿಣಿ ಮೃಗಶಿರಾ ಮಳಿ ಅದಕ್ಕ ಛಲೋ ಟೈಮು. ತೋಳಿನಷ್ಟು ದಪ್ಪ ಇರೂವು ಹಾರಿ, ಪಿಕಾಸಿ ಹಚ್ಚಿ ಆಳಿನ ಕಡೆ ತಗಸ್ರಿ. ಅದಕ್ಕಿಂತ ದೊಡ್ಡವಕ್ಕ ಜೆಸಿಬಿ ಬೇಕ ಬೇಕು, ಬ್ಯಾಡ ಅನ್ನೂದಿಲ್ಲ, ಆದ್ರ ಬಳಿಯಾಕ ಅಲ್ಲ, ಒಂದೊಂದು ಬೊಡ್ಡಿ ಬುಡಕ್ಕ ಬಕೆಟ್ ಇಳಿಸಿ ಎತ್ತಾಕ. ನೀವು ಖುದ್ದು ನಿಂತು ತೋರಿಸಬೇಕು.

ಕಾಯಿ ಹಳದಿ ಆಗೂಕಿಂತ ಮೊದಲ ಕೆಲಸ ಮುಗದ್ರ ಉತ್ತಮ. ಕಾಯಿ ಉದುರಿದ್ರ ಆರಿಸಿ ತಗೀರಿ, ಆಡು ಕುರಿ ಬಿಡಬ್ಯಾಡ್ರಿ. ಕಾಯಿ ದನಕ್ಕ ಹಾಕಬೇಕು ಅಂದ್ರ ಬೀಜ ಸಮೇತ ಹಿಟ್ಟು ಮಾಡಿ ಬ್ಯಾರೆ ಮೇವಿನ ಜೋಡಿ ಸ್ವಲ್ಪ ಹಾಕಬಹುದು, ಬೀಜ ಸಾಯ್ತೈತಿ. ಬರೇ ಇದನ್ನ ತಿಂಗಳುಗಟ್ಟಲೆ ತಿಂದ ದನಕ್ಕ ದವಡಿ ಸೋತು ಮೆಲುಕು ಹಾಕಾಕ ಆಗೂದಿಲ್ಲ, ಹಂಗ ಮಾಡಬ್ಯಾಡ್ರಿ. ಕಟ್ಟಿಗಿ ಸುಟ್ಟು ಹಾಳು ಮಾಡಬ್ಯಾಡ್ರಿ, ಊರಾಗ ಉರುವಲಕ್ಕ ಒಯ್ಯೋರು ಇರ್ತಾರ, ಕರದು ಹೇಳ್ರಿ, ನಿಮ್ಮ ಆಳಿನ ಖರ್ಚು ಅರ್ಧ ಉಳೀತೈತಿ. ಇದ್ದಲಿ ಮಾಡಿಸಿ ಸಾಗಸೂದಿದ್ರ, ಇಲ್ಲಾ ಬ್ಯಾರೆ ಯಾವುದರ ದೊಡ್ಡ ಮರ ಕಡಿಯೂ ವಿಚಾರ ಬಂದ್ರ ಮೊದಲ ಅರಣ್ಯ ಇಲಾಖೆ ವಲಯ ಕಚೇರಿಗೆ ಹೋಗಿ ಕೇಳ್ರಿ, 1976ರ ವೃಕ್ಷ ಸಂರಕ್ಷಣಾ ಕಾಯ್ದಿ ಐತಿ, ಸ್ವಂತ ಹೊಲ ಅಂತ ಸುಮ್ನ ಕಡಿಯಾಕ ಬರೂದಿಲ್ಲ. ಕಳೆನಾಶಕ ಹೊಡದ್ರ ಆಗೂದಿಲ್ಲೇನು ಅಂತ ಕೇಳೋರು ಭಾಳ ಮಂದಿ. ಬಾವಿ ಬಾಜೂಕ, ಹಳ್ಳದ ದಂಡಿಗೆ ಇರೂ ಹೊಲ ನಿಮ್ಮದು, ನಾನು ಬ್ಯಾಡ ಅಂತೀನಿ. ಏನರ ಹೊಡೀಲೇಬೇಕು ಅನಿಸಿದ್ರ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗಿ ಕೇಳಿ ಮಾಡ್ರಿ, ಅಂಗಡಿಯೋರು ಕೊಟ್ಟಿದ್ದು ತಂದು ಹೊಡೀಬ್ಯಾಡ್ರಿ. ಹಾವೇರಿ ಕಡೆಯೋರು ಹನುಮನಮಟ್ಟಿ ಕೇಂದ್ರಕ್ಕ, ಧಾರವಾಡದೋರು ಕೃಷಿ ವಿಶ್ವವಿದ್ಯಾಲಯಕ್ಕ ಟೊಂಗಿ, ಕಾಯಿ ಒಯ್ದು ತೋರಿಸಿದ್ರ ಗುರುತು ಹೇಳ್ತಾರ.

ಕೆಲಸಕ್ಕ ಇಳಿಯೋರು ಚಪ್ಪಲಿ ಮ್ಯಾಲೆ ಹೋಗಬ್ಯಾಡ್ರಿ, ಬಳ್ಳಾರಿ ಜಾಲಿ ಮುಳ್ಳು ಟೈರ್ ಪಂಕ್ಚರ್ ಮಾಡ್ತೈತಿ ಅಂದ್ರ ಚಪ್ಪಲಿ ಯಾವ ಲೆಕ್ಕ. ದಪ್ಪ ತಳದ ಬೂಟು, ಕಣ್ಣಿಗೆ ಚಸ್ಮಾ. ಮುಳ್ಳು ಚುಚ್ಚಿ ತುದಿ ಒಳಗ ಮುರದ್ರ ಪಿನ್ ಹಾಕಿ ಕೆದರ್ತಾ ಕುಂದರಬ್ಯಾಡ್ರಿ, ಕೀಲಿನ ಹತ್ರ ಚುಚ್ಚಿದ್ರಂತೂ ಬಾವು ವಾರಗಟ್ಟಲೆ ಇಳಿಯೂದಿಲ್ಲ, ದವಾಖಾನಿಗೆ ಹೋಗಿ ತಗಸ್ರಿ, ಟಿಟಿ ಇಂಜೆಕ್ಷನ್ ಮಾಡಸ್ರಿ. ಸಣ್ಣ ಮಕ್ಕಳನ್ನ ಆ ದಿನ ಹೊಲಕ್ಕ ಕರಕೊಂಡು ಹೋಗಬ್ಯಾಡ್ರಿ.

ಮತ್ತ ಬರಲಾರದಂಗ ಏನ್ ಮಾಡಬೇಕು ಅಂತ ಕೇಳೀರಿ. ಮಣ್ಣಾಗ ಬಿದ್ದ ಬೀಜ ವರ್ಷಗಟ್ಟಲೆ ಜೀವ ಹಿಡಕೊಂಡು ಕುಂದರ್ತಾವ, ಹಿಂಗಾಗಿ ಒಂದ ಸಲಕ್ಕ ಮುಗಿಯೂ ಕೆಲಸ ಅಲ್ಲ ಇದು. ಕನಿಷ್ಠ ಮೂರು ಮಳಿಗಾಲ, ಪ್ರತಿ ಸಲ ಎರಡು ದಿನ ಬಂದು ಸಸಿ ಕೀಳಬೇಕು. ಹೊಲ ಖಾಲಿ ಬಿಡಬ್ಯಾಡ್ರಿ, ಅದ ಮುಖ್ಯ. ನಿಮಗ ಮಾಡಾಕ ಆಗದಿದ್ರ ಲಾವಣಿಗೆ ಕೊಡ್ರಿ, ವರ್ಷಾ ಹರಗಿ ಬಿತ್ತೂ ಹೊಲದಾಗ ಬಳ್ಳಾರಿ ಜಾಲಿ ಸಸಿ ಮ್ಯಾಲೆ ಏಳೂದಿಲ್ಲ. ಇದರ ಸಸಿಗೆ ನೆರಳು ಆಗಿಬರೂದಿಲ್ಲ, ಅದಕ್ಕ ಬದುವಿಗೆ ಹುಲಗಲ, ಬೇವು ಹಚ್ರಿ, ಬೇಲಿ ಬೇಕಂದ್ರ ಕವಳಿ ಸಾಲು ಹಚ್ರಿ, ಮುಳ್ಳೂ ಆತು ಹಣ್ಣೂ ಆತು. ಹಳ್ಳದ ದಂಡಿಗೆ ಜಾಲಿ, ಲಂಟಾನ ಎಲ್ಲಾ ಒಂದ ದಿನಕ್ಕ ತಗದು ಬೋಳು ಮಾಡಬ್ಯಾಡ್ರಿ, ಮಳಿಗೆ ಮಣ್ಣು ಕೊಚ್ಚಿ ಹೋಗ್ತೈತಿ, ಸ್ವಲ್ಪ ಸ್ವಲ್ಪ ತಗದು ಬೆನ್ನಿಗೆನ ಹುಲ್ಲು, ಸಸಿ ಹಚ್ಚಿಕೊಂತ ಹೋಗ್ರಿ.

ಬರೂ ಭಾನುವಾರ ಅತ್ತಿಯೋರನ್ನ ಕರಕೊಂಡು ಹೊಲಕ್ಕ ಹೋಗ್ರಿ, ಅವರಿಗೆ ನನಗಿಂತ ಹೆಚ್ಚು ಗಿಡದ ಗುರುತು ಇರ್ತಾವ. ಒಂದು ಡಬ್ಬ್ಯಾಗ ಸುಣ್ಣ, ಇನ್ನೊಂದರಾಗ ಕೆಮ್ಮಣ್ಣು ಕಲಿಸಿ ಒಯ್ರಿ. ಬನ್ನಿ, 3ನೇ ಫೋಟೋದ ಕರಿಜಾಲಿ, ಬಾರಿ, ಕವಳಿ ಎಲ್ಲಾಕ್ಕೂ ಸೊಂಟದ ಎತ್ತರಕ್ಕ ಸುಣ್ಣದ ಪಟ್ಟಿ ಬಳೀರಿ, ಬಳ್ಳಾರಿ ಜಾಲಿಗೆ ಕೆಂಪು. ಗುರುತು ಹತ್ತಲಿಲ್ಲ ಅಂದ್ರ ಏನೂ ಬಳೀಬ್ಯಾಡ್ರಿ, ಹೂವು ಕಾಯಿ ಬರೂ ತನಕ ತಡೀರಿ, ಆಮ್ಯಾಲೆ ಫೋಟೋ ಕಳಸ್ರಿ. ಜೆಸಿಬಿ ಡ್ರೈವರಿಗೆ ಹೇಳೂದು ಇಷ್ಟ: ಕೆಂಪು ಇದ್ದದ್ದಷ್ಟ ಎತ್ತು, ಬಿಳಿ ಇದ್ದದ್ದರ ಬುಡಕ್ಕ ಬಕೆಟ್ ತರಬ್ಯಾಡ, ಬನ್ನಿ ಬೇರಿನಿಂದ ಹತ್ತು ಹೆಜ್ಜಿ ದೂರ ಇರು. ಬಾವಿ ಹತ್ರದ ಆ ಒಂದು ಬಳ್ಳಾರಿ ಜಾಲಿ ಬನ್ನಿಗೆ ಭಾಳ ಹತ್ರ ಐತಿ, ಅದಕ್ಕ ಮಷಿನ್ ಬ್ಯಾಡ, ಕೈಲೆ ಅಗದು ತಗಸ್ರಿ.